ಸ್ಮೋಕರ್‌ಗೆ ಹೊದಿಕೆ ಸುತ್ತಲು ಹೋಗಿ ಮನೆ ಬಿಟ್ಟು ಓಡಿದ ಪ್ರಸಂಗ

ಅಮೆರಿಕದ ಮಿನಿಯಾಪೊಲಿಸ್ ಸಮೀಪ ನಾವು ನೆಲೆಸಿ ಒಂಬತ್ತು ವರ್ಷಗಳಾದವು. ಇಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 13 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಮಾಮೂಲು. ಗಾಳಿಯೂ ಸೇರಿಕೊಂಡರೆ ಕಸದ ಚೀಲ ಹೊರಗಿಡುವುದಕ್ಕೂ ಮನಸ್ಸು ಬರುವುದಿಲ್ಲ. ಅಂಥದ್ದೊಂದು ಶನಿವಾರ, ಸಂಜೆ ಊಟಕ್ಕೆ ಎಂಟು ಮಂದಿ ಸ್ನೇಹಿತರನ್ನು ಕರೆದಿದ್ದ ನಾನು, ನಾಲ್ಕು ಕಿಲೋ ತೂಕದ ಹಂದಿಯ ಭುಜದ ಮಾಂಸವನ್ನು ಹಿತ್ತಲಿನ ಇದ್ದಿಲು ಸ್ಮೋಕರ್‌ನಲ್ಲಿ, ಎಂದರೆ ಸಣ್ಣ ಉರಿ ಮತ್ತು ಹೊಗೆಯಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ ಒಲೆಯಲ್ಲಿ, ಬೇಯಿಸಲೆಂದು ಬೆಳಗಿನ ಐದು ಗಂಟೆಗೇ ಕೆಂಡ ಮಾಡಿದೆ. ಅಂದು ಮಾಂಸ ಹಾಳಾದದ್ದು ದೊಡ್ಡ ವಿಷಯವಲ್ಲ. ಮಧ್ಯಾಹ್ನದ ಹೊತ್ತಿಗೆ ಮಕ್ಕಳನ್ನು ಎತ್ತಿಕೊಂಡು ಮನೆಯಿಂದ ಹೊರಗೋಡಬೇಕಾಯಿತು. ಚಳಿಗಾಲದಲ್ಲಿ ಸ್ಮೋಕರ್‌ಗೆ ಏನನ್ನಾದರೂ ಸುತ್ತಿ ಬೆಚ್ಚಗಿಡುವ ಯೋಚನೆ ಇರುವವರು ಇದನ್ನು ಓದಿದ ಮೇಲೆ ಮುಂದುವರಿಯಲಿ ಎಂದು ಬರೆಯುತ್ತಿದ್ದೇನೆ.

ನನ್ನದು ಬುಲೆಟ್ ಆಕಾರದ, ತೆಳು ತಗಡಿನ ಸ್ಮೋಕರ್. ತಳದಲ್ಲಿ ಇದ್ದಿಲಿನ ಬೋಗುಣಿ ಮತ್ತು ಗಾಳಿ ಒಳಬರಲು ಮೂರು ಕಂಡಿಗಳು, ನಡುವೆ ನೀರಿನ ತಟ್ಟೆ, ಅದರ ಮೇಲೆ ಮಾಂಸವಿಡುವ ಜಾಲರಿ, ತುದಿಯಲ್ಲಿ ಹೊಗೆ ಹೊರಹೋಗುವ ಕಂಡಿಯಿರುವ ಮುಚ್ಚಳ. ಒಳಗೆ ಸುಮಾರು 107 ಡಿಗ್ರಿ ಸೆಲ್ಸಿಯಸ್, ಎಂದರೆ ಇಲ್ಲಿಯವರು ಹೇಳುವ 225 ಫ್ಯಾರನ್‌ಹೀಟ್, ಹತ್ತು ಹನ್ನೆರಡು ಗಂಟೆ ಒಂದೇ ಸಮನೆ ನಿಲ್ಲಬೇಕು. ಹೊರಗೆ 25 ಡಿಗ್ರಿ ಇರುವ ಬೇಸಿಗೆಯಲ್ಲಿ ಒಳಹೊರಗಿನ ಅಂತರ 82 ಡಿಗ್ರಿಯಾದರೆ, ಹೊರಗೆ ಸೊನ್ನೆಗಿಂತ 15 ಕೆಳಗಿರುವಾಗ ಅದು 122 ಆಗುತ್ತದೆ. ಗಾಳಿಯ ಲೆಕ್ಕ ಹಿಡಿಯದಿದ್ದರೂ ತಗಡಿನ ಮೂಲಕ ಸೋರಿಹೋಗುವ ಶಾಖ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಗಾಳಿ ತಗಡನ್ನು ಹೊರಗಿನ ಉಷ್ಣತೆಗಿಂತ ಹೆಚ್ಚು ತಣಿಸಲಾರದು ನಿಜ, ಆದರೆ ತಗಡಿಗೆ ಅಂಟಿಕೊಂಡಿರುವ ಬೆಚ್ಚನೆಯ ಪದರವನ್ನು ಕ್ಷಣಕ್ಷಣಕ್ಕೂ ಒರೆಸಿಕೊಂಡು ಹೋಗುತ್ತದೆ. ಅದರ ಜೊತೆಗೆ ತಳದ ಕಂಡಿಗಳಿಗೆ ನೇರವಾಗಿ ನುಗ್ಗಿ ಕೆಂಡವನ್ನು ತಿದಿ ಒತ್ತಿದಂತೆ ಊದುತ್ತದೆ. ಆ ದಿನ ನನ್ನ ಥರ್ಮಾಮೀಟರ್ ಒಮ್ಮೆ 150 ತೋರಿಸಿದರೆ ಅರ್ಧ ಗಂಟೆಯ ನಂತರ 80 ತೋರಿಸುತ್ತಿತ್ತು. ಬೆಂಕಿಯ ಕಾಟ ಗಾಳಿಯಿಂದ ಎಂದು ಆಗಲೇ ಅರ್ಥವಾಗಬೇಕಿತ್ತು. ನಾನು ಮಾತ್ರ ಚಳಿಯನ್ನೇ ದೂರುತ್ತಾ ಕುಳಿತೆ.

ಮನೆಯ ನೆಲಮಾಳಿಗೆಯ ಕೆಲಸಕ್ಕೆ ತಂದು ಉಳಿದಿದ್ದ, ಎರಡೂ ಮುಖದಲ್ಲಿ ಬೆಳ್ಳಿಯಂತೆ ಹೊಳೆಯುವ ಗುಳ್ಳೆಗುಳ್ಳೆಯ ಹಾಳೆಯ ಸುರುಳಿಯೊಂದು ಗ್ಯಾರೇಜಿನಲ್ಲಿತ್ತು. ಅಲ್ಯೂಮಿನಿಯಂ ಹೊಳಪು ನೋಡಿ ಇದು ಬೆಂಕಿಗೆ ಜಗ್ಗದು ಎಂದುಕೊಂಡು, ಸ್ಮೋಕರ್‌ಗೆ ಎರಡು ಸುತ್ತು ಸುತ್ತಿ ತಂತಿಯಲ್ಲಿ ಬಿಗಿದೆ. ಹೊಳಪಿನ ಒಳಗಿರುವುದು ಪಾಲಿಎಥಿಲೀನ್ ಗುಳ್ಳೆಗಳು. ಆ ಪ್ಲಾಸ್ಟಿಕ್ಕಿನ ಸಾಮಾನ್ಯ ಬಗೆ ಸುಮಾರು 110 ಡಿಗ್ರಿಗೆ ಕರಗುತ್ತದೆ. ಇದ್ದಿಲಿನ ಬೋಗುಣಿಯ ಪಕ್ಕದ ತಗಡಾದರೋ ಅದಕ್ಕಿಂತ ಎಷ್ಟೋ ಹೆಚ್ಚು ಕಾಯ್ದಿರುತ್ತದೆ. ಒಂಬತ್ತೂವರೆಗೆ ಹೆಂಡತಿ ಅಡುಗೆಮನೆಯ ಕಿಟಕಿ ತೆರೆದು, "ರೀ, ಅದೇನು ಚಪ್ಪಲಿ ಸುಟ್ಟ ಹಾಗೆ ನಾತ ಬರ್ತಿದೆ?" ಎಂದು ಕೂಗಿದಾಗ ಹೋಗಿ ನೋಡಿದರೆ, ಹಾಳೆಯ ಕೆಳಗಂಚು ಕರಗಿ ತಗಡಿನ ಮೇಲೆ ಕಂದು ಬಣ್ಣದ ಹನಿಹನಿಯಾಗಿ ಇಳಿದಿತ್ತು. ಒಂದು ಹನಿ ಗಾಳಿಕಂಡಿಯ ಬಿಲ್ಲೆಯ ಮೇಲೆ ಬಿದ್ದು ಹೆಪ್ಪುಗಟ್ಟಿದ್ದರಿಂದ ಆ ಕಂಡಿಯನ್ನು ಅತ್ತ ತೆರೆಯಲೂ ಆಗಲಿಲ್ಲ, ಇತ್ತ ಮುಚ್ಚಲೂ ಆಗಲಿಲ್ಲ. ಮೇಲಂಚು ಮುಚ್ಚಳದ ಹೊಗೆಕಂಡಿಯ ಅರ್ಧವನ್ನು ಮುಚ್ಚಿಬಿಟ್ಟಿತ್ತು. ಹೊಗೆ ಹೊರಹೋಗಲು ದಾರಿಯಿಲ್ಲದೆ ಒಳಗೇ ಸುತ್ತಿ, ಮಾಂಸದ ಮೇಲೆ ಕಪ್ಪು ಡಾಂಬರಿನಂಥ ಕಹಿ ಜಿಡ್ಡು ಕೂತಿತ್ತು. ಮಲೆನಾಡಿನ ನಮ್ಮಜ್ಜಿಯ ಬಚ್ಚಲೊಲೆಯ ಬಾಯಿಗೆ ಸೌದೆ ಇಡಿಕಿರಿದರೆ ಮಕ್ಕಳಾದ ನಮಗೆ ಬೈಗುಳ ಬೀಳುತ್ತಿತ್ತು. ಒಲೆ ಉಸಿರಾಡಬೇಕೆಂಬ ಅಷ್ಟು ಸರಳ ಪಾಠ ಇಂಜಿನಿಯರಿಂಗ್ ಓದಿದ ಮೇಲೆ ನನಗೆ ಮರೆತುಹೋಗಿತ್ತು.

ಹಾಳೆಯನ್ನು ಕಿತ್ತೆಸೆದ ಮೇಲೆ ಮಾಡಿದ ಕೆಲಸವನ್ನು ನೆನೆದರೆ ಇಂದಿಗೂ ಮೈ ಬೆವರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ, ಕೆಂಡ ತುಂಬಿದ್ದ ಸ್ಮೋಕರ್ ಅನ್ನು ಮನೆಗೆ ಹೊಂದಿಕೊಂಡಿರುವ ಗ್ಯಾರೇಜಿನ ಒಳಕ್ಕೆ ಎಳೆದು, ಬಾಗಿಲನ್ನು ಮೊಳದಷ್ಟು ಎತ್ತಿಟ್ಟರೆ ಸಾಕೆಂದುಕೊಂಡೆ. ಇಪ್ಪತ್ತು ನಿಮಿಷಕ್ಕೆ ಮನೆಯೊಳಗಿನ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹೊಡೆದುಕೊಳ್ಳತೊಡಗಿತು. ಕೆಂಡದಿಂದ ಹೊರಡುವ ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುತ್ತಿಲ್ಲವೆಂದು ಧೈರ್ಯ ತಂದುಕೊಳ್ಳುವಂತಿಲ್ಲ. ಇಲ್ಲಿನ ಅಲಾರಂಗಳು ಗಾಳಿಯಲ್ಲಿ ಹತ್ತು ಲಕ್ಷಕ್ಕೆ 70 ಭಾಗ ಈ ಅನಿಲವಿದ್ದರೆ ಒಂದು ಗಂಟೆಗಿಂತ ಮೊದಲು ಕೂಗದಂತೆ, 150 ಭಾಗವಿದ್ದರೆ ಹತ್ತರಿಂದ ಐವತ್ತು ನಿಮಿಷದೊಳಗೆ ಕೂಗುವಂತೆ ರೂಪಿಸಿದವು. ಆದ್ದರಿಂದ ಇಪ್ಪತ್ತು ನಿಮಿಷದಲ್ಲಿ ಅದು ಕೂಗಿತೆಂದರೆ ಮನೆಯೊಳಗೆ ಅಷ್ಟು ಹೊತ್ತಿಗಾಗಲೇ ಸಾಕಷ್ಟು ವಿಷ ಸೇರಿತ್ತೆಂದೇ ಅರ್ಥ. ಮಕ್ಕಳಿಗೆ ಕೋಟು ಹಾಕಿಸಲೂ ನಿಲ್ಲದೆ ಪಕ್ಕದ ಮನೆಗೆ ಓಡಿ, ಅಲ್ಲಿಂದ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದೆವು. ಅಗ್ನಿಶಾಮಕದವರು ಬಂದು ಸ್ಮೋಕರ್ ಹೊರಗೆಳೆದು, ಕಿಟಕಿ ಬಾಗಿಲು ತೆರೆದಿಟ್ಟು, ಕೋಣೆಕೋಣೆಯನ್ನೂ ಅಳೆದು ಒಪ್ಪಿಗೆ ಕೊಡುವವರೆಗೆ ಒಳಗೆ ಕಾಲಿಡಲಿಲ್ಲ. ದೊಡ್ಡ ಮಗಳಿಗೆ ಸಂಜೆಯವರೆಗೂ ತಲೆನೋವಿತ್ತು. ಬಾಗಿಲು ಅರ್ಧವೇ ಇರಲಿ, ಪೂರ್ತಿಯೇ ತೆರೆದಿರಲಿ, ಇದ್ದಿಲಿನ ಸ್ಮೋಕರ್ ಗ್ಯಾರೇಜಿಗೆ, ಮುಚ್ಚಿದ ಜಗಲಿಗೆ, ಟೆಂಟಿಗೆ ಬರಕೂಡದು.

ಮಾಂಸದ ಮಾತೂ ಒಂದಿಷ್ಟಿದೆ. ಏಳು ಗಂಟೆ ಕಳೆದರೂ ಅದರ ಒಡಲು 46 ಡಿಗ್ರಿ ದಾಟಿರಲಿಲ್ಲ. 4ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆಂದು ಅಮೆರಿಕದ ಕೃಷಿ ಇಲಾಖೆ ಎಚ್ಚರಿಸುತ್ತದೆ. ಮೇಲಾಗಿ ಪ್ಲಾಸ್ಟಿಕ್ಕಿನ ಹೊಗೆ ಕುಡಿದ ಮಾಂಸ ಅದು. ನಾಲ್ಕು ಕಿಲೋವನ್ನೂ ಕಸಕ್ಕೆ ಹಾಕಿದೆವು. ಬಂದವರಿಗೆ ಬಿಸಿಬೇಳೆಬಾತ್ ಆಯಿತು.

ಈಗ ನಾನು ಮೊದಲು ತಡೆಯುವುದು ಗಾಳಿಯನ್ನು. ಚಳಿಗಾಲದಲ್ಲಿ ಇಲ್ಲಿಯ ನೆಲ ಕಲ್ಲಿನಂತೆ ಹೆಪ್ಪುಗಟ್ಟುವುದರಿಂದ ಗೂಟ ಹೊಡೆಯಲಾಗದು. ಹಾಗಾಗಿ ಮೂರು ಸಿಮೆಂಟ್ ಹಲಗೆಗಳನ್ನು ಕೀಲಿನಿಂದ ಜೋಡಿಸಿ, ಮಡಚುವ ಪರದೆಯಂತೆ ನಿಲ್ಲಿಸಿ, ಬುಡಕ್ಕೆ ಮರಳಿನ ಚೀಲಗಳನ್ನು ಹೇರುತ್ತೇನೆ. ಪ್ಲೈವುಡ್ ಹತ್ತಿರ ತರುವುದಿಲ್ಲ. ಪರದೆ ಸ್ಮೋಕರ್‌ನಿಂದ ಒಂದು ಮಾರು ದೂರ, ಸ್ಮೋಕರ್ ಮನೆಯ ಗೋಡೆಯಿಂದ ಮೂರು ಮೀಟರಿಗಿಂತ ದೂರ, ಮೇಲ್ಭಾಗ ಪೂರ್ತಿ ಬಯಲು. ಇಷ್ಟಕ್ಕೇ ಮುಕ್ಕಾಲು ಪಾಲು ತೊಂದರೆ ತೀರಿತು. ಸುತ್ತಲೇಬೇಕೆಂದರೆ ಸುಮಾರು 540 ಡಿಗ್ರಿವರೆಗೆ ತಾಳುವ ಗಾಜಿನ ನಾರಿನ ವೆಲ್ಡಿಂಗ್ ಕಂಬಳಿಯನ್ನು, ಅದೂ ಹೊಸದನ್ನು, ಮಾಂಸವಿರುವ ನಡುಭಾಗಕ್ಕೆ ಮಾತ್ರ ಹೊದಿಸಿ. ತಳದ ಬೋಗುಣಿ ಮತ್ತು ಎಲ್ಲ ಕಂಡಿಗಳೂ ಬರಿದಾಗಿಯೇ ಇರಲಿ. ಹಳೆಯ ವೆಲ್ಡಿಂಗ್ ಕಂಬಳಿಗಳಲ್ಲಿ ಕಲ್ನಾರು, ಎಂದರೆ ಉಸಿರಿಗೆ ಅಪಾಯಕಾರಿಯಾದ ಆಸ್ಬೆಸ್ಟಾಸ್, ಇರುವುದುಂಟು, ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಗಾಜಿನ ನಾರು ಚರ್ಮಕ್ಕೆ ಚುಚ್ಚಿ ತುರಿಸುತ್ತದೆ. ಕೈಗವಸು ಬೇಕು, ಅದನ್ನು ಕತ್ತರಿಸಲು ಹೋದರೆ ಪುಡಿ ಉದುರುತ್ತದೆ, ಸ್ಮೋಕರ್‌ನ ಒಳಮೈಗೆ ಅದು ತಾಗಲೇಬಾರದು. ನೀರಿನ ತಟ್ಟೆಗೆ ತಣ್ಣೀರಿನ ಬದಲು ಕುದಿಯುವ ನೀರು ಸುರಿಯುತ್ತೇನೆ. ಬೇಸಿಗೆಯದಕ್ಕಿಂತ ಅರ್ಧದಷ್ಟು ಹೆಚ್ಚು ಇದ್ದಿಲು ಮೊದಲೇ ತೆಗೆದಿಟ್ಟುಕೊಳ್ಳುತ್ತೇನೆ, ಮುಚ್ಚಳ ಎತ್ತುವ ಚಾಳಿಯನ್ನು ಬಿಟ್ಟಿದ್ದೇನೆ.

ಮರದ ಹೊಟ್ಟು ಒತ್ತಿ ಮಾಡಿದ ಗುಳಿಗೆಯಿಂದ ಉರಿಯುವ, ವಿದ್ಯುತ್ತಿನಿಂದ ನಡೆಯುವ ಸ್ಮೋಕರ್ ಇಟ್ಟುಕೊಂಡವರು ಗುಳಿಗೆಯ ಡಬ್ಬಿಗೂ ಗುಂಡಿಗಳ ಫಲಕಕ್ಕೂ ಏನನ್ನೂ ಹೊದಿಸಬಾರದು. ಅದರ ತಯಾರಕರೇ ಮಾರುವ ಹೊದಿಕೆಯಿದ್ದರೆ ಅದನ್ನೇ ಕೊಳ್ಳಿ. ನನ್ನ ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಕೆರೆದರೂ ಬಿಡದಿದ್ದರಿಂದ ಮುಚ್ಚಳವನ್ನೂ ತಳದ ಬೋಗುಣಿಯನ್ನೂ ಹೊಸದಾಗಿ ಹಾಕಿಸಬೇಕಾಯಿತು. ಗಾಳಿ ಗಂಟೆಗೆ ನಲವತ್ತು ಕಿಲೋಮೀಟರ್ ಮೀರುವ ಮುನ್ಸೂಚನೆ ಇದ್ದ ದಿನ ಸ್ಮೋಕರ್ ಮುಟ್ಟುವುದಿಲ್ಲ, ಒಳಗೆ ಕುಕ್ಕರ್ ಇಡುತ್ತೇವೆ.