ಯೂಟ್ಯೂಬ್ ನೋಡುತ್ತಾ ಮಗಳನ್ನು ಬೆಳೆಸಿದ 3 ವರ್ಷ

ಹಾಸನದಲ್ಲಿ ಅಮ್ಮನ ಮನೆಯಲ್ಲಿ ಬಾಣಂತನ ಮುಗಿಸಿ ಪುಣೆಗೆ ವಾಪಸ್ ಬಂದಾಗ ಮಗಳಿಗೆ 5 ತಿಂಗಳು. ಈಗ 3 ವರ್ಷ ದಾಟಿದೆ. ಅಮ್ಮ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ನೀರು ಹಾಕುವುದನ್ನು ದಿನಾ ನೋಡಿದ್ದೆ. ಆದರೆ ನನ್ನ ಕೈಗೆ ಅದು ಬಂದಿರಲಿಲ್ಲ. ಇಲ್ಲಿ ನಾನು, ನನ್ನ ಗಂಡ ಇಬ್ಬರೇ. ಹಾಗಾಗಿ ಯೂಟ್ಯೂಬ್ ಶುರುವಾಯಿತು.

ರಾಗಿ ಸರಿ ಮಾಡಲು ಕಲಿತಿದ್ದು ಅದರಲ್ಲೇ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸುವುದು. ಅಮ್ಮ ಫೋನಿನಲ್ಲಿ "ಹದವಾಗಿ ಹುರಿ" ಅಂತಿದ್ದರು. ಆ ಹದದ ಬಣ್ಣ ಯಾವುದು, ಗಂಟಾಗದ ಹಾಗೆ ಎಷ್ಟು ಬೇಗ ಕೈಯಾಡಿಸಬೇಕು ಅನ್ನುವುದು ಕಣ್ಣಿಗೆ ಕಂಡಿದ್ದು ವಿಡಿಯೋದಲ್ಲಿ.

ಆದರೆ ನಾನು ಜೀವನಪೂರ್ತಿ ಮರೆಯದ ವಿಡಿಯೋ ಬೇರೆ. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ಮಕ್ಕಳ ಡಾಕ್ಟರೊಬ್ಬರು ಗೊಂಬೆ ಇಟ್ಟುಕೊಂಡು ತೋರಿಸಿದ್ದರು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಸದ್ದೇ ನಿಂತರೆ ಅಪಾಯ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವ ಹಾಗೆ ಹಿಡಿದು, ಭುಜಗಳ ನಡುವೆ ಅಂಗೈ ಬುಡದಿಂದ 5 ಸಲ ತಟ್ಟಬೇಕು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯೆ 5 ಸಲ ಒತ್ತಬೇಕು. ಕಾಣದೆ ಬಾಯೊಳಗೆ ಬೆರಳು ಹಾಕಿ ತಡಕಬಾರದು. ಇದನ್ನು ನೋಡಿ ಎರಡು ತಿಂಗಳಿಗೆ, 9ನೇ ತಿಂಗಳಲ್ಲಿ, ಹಸಿ ಸೇಬಿನ ಚೂರು ಮಗಳ ಗಂಟಲಲ್ಲಿ ಸಿಕ್ಕಿಕೊಂಡಿತು. ಸದ್ದಿಲ್ಲ, ಮುಖ ನೀಲಿ. ಮೂರನೇ ಏಟಿಗೆ ಚೂರು ಹೊರಗೆ ಬಿತ್ತು. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ಎಲ್ಲ ವಿಡಿಯೋ ಹೀಗಿರಲ್ಲ. ತುಂಬಾ ಜನ ನೋಡುವ ಒಂದು ಚಾನೆಲ್‌ನಲ್ಲಿ 6 ತಿಂಗಳ ಮಗುವಿಗೆ ಜೇನುತುಪ್ಪ ನೆಕ್ಕಿಸಿ ಅಂದಿದ್ದರು. ಪುಣ್ಯಕ್ಕೆ ಚುಚ್ಚುಮದ್ದಿಗೆ ಹೋದಾಗ ಡಾಕ್ಟರನ್ನು ಕೇಳಿದೆ. ವರ್ಷ ತುಂಬುವ ತನಕ ಜೇನು ಬೇಡವೇ ಬೇಡ, ಅದರಿಂದ ಎಳೆ ಮಕ್ಕಳಿಗೆ ಬಾಟ್ಯುಲಿಸಂ ಅನ್ನೋ ಕಾಯಿಲೆ ಬರಬಹುದು ಅಂದರು. ಆಮೇಲಿಂದ ಮಾತಾಡುತ್ತಿರುವವರು ಯಾರು, ಏನು ಓದಿದ್ದಾರೆ ಅಂತ ನೋಡದೆ ಯಾವುದನ್ನೂ ಮಾಡಲ್ಲ.

ನಾನು ನೋಡುವುದು ಒಂದು, ಮಗುವಿಗೆ ತೋರಿಸುವುದು ಇನ್ನೊಂದು. ಅಲ್ಲಿ ನಾನು ತಪ್ಪು ಮಾಡಿದೆ. 14ನೇ ತಿಂಗಳಿಂದ ಊಟ ಮಾಡಿಸುವಾಗ ಫೋನ್ ಹಿಡಿಯುತ್ತಿದ್ದೆ. ಆಮೇಲೆ ಫೋನ್ ಇಲ್ಲದಿದ್ದರೆ ಬಾಯಿ ತೆರೆಯುತ್ತಲೇ ಇರಲಿಲ್ಲ. ಹೊಟ್ಟೆ ತುಂಬಿದ್ದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. 2 ವರ್ಷದೊಳಗೆ ಸ್ಕ್ರೀನ್ ಬೇಡ, ಆಮೇಲೂ ದಿನಕ್ಕೆ 1 ಗಂಟೆ ಮೀರಬಾರದು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ ಅಂತ ಡಾಕ್ಟರು ತಿಳಿಸಿದರು. ಬಿಡಿಸಲು ಹತ್ತು ದಿನ ಹಿಡಿಯಿತು, ಮೊದಲ ಮೂರು ದಿನ ಬರೀ ಅಳು. ನಮ್ಮ ಜೊತೆ ನೆಲದ ಮೇಲೆ ಕೂರಿಸಿ ಅವಳಿಗೂ ಒಂದು ತಟ್ಟೆ ಇಟ್ಟೆವು. ಚೆಲ್ಲಿಕೊಂಡು ತಿಂದಳು, ಆದರೆ ತಾನೇ ತಿಂದಳು.

ಈಗ ಯೂಟ್ಯೂಬ್ ಕಿಡ್ಸ್ ಇದೆ, ನಾನು ಆರಿಸಿದ ವಿಡಿಯೋ ಮಾತ್ರ ಬರುವ ಹಾಗೆ ಸೆಟ್ಟಿಂಗ್ ಇಟ್ಟಿದ್ದೇನೆ, ಟೈಮರ್ 20 ನಿಮಿಷ. ಟಿವಿಯಲ್ಲಿ, ನಾನು ಪಕ್ಕದಲ್ಲಿ ಕೂತು. ಸುತ್ತ ಮರಾಠಿ, ಹಿಂದಿ ಜಾಸ್ತಿ, ಹಾಗಾಗಿ ಕನ್ನಡ ಶಿಶುಗೀತೆಗಳೇ. ಕಾಗೆ, ಗುಬ್ಬಿ, ಅವರೆಕಾಯಿ ಅನ್ನೋ ಪದಗಳು ಅಲ್ಲಿಂದ ಬಂದವು. ವಾಕ್ಯ ಮಾಡಿ ಮಾತಾಡಲು ಕಲಿತಿದ್ದು ಮಾತ್ರ ಅಜ್ಜಿಯ ವಿಡಿಯೋ ಕಾಲ್‌ನಲ್ಲಿ. ಅಜ್ಜಿ ಕೇಳುತ್ತಾರೆ, ಇವಳು ಉತ್ತರ ಕೊಡಲೇಬೇಕು, ಅಲ್ವಾ.