ಅಪ್ಪಯ್ಯನ ಪೆನ್ಸಿಲ್ ಬರಹ ಉಳಿಸಿಕೊಟ್ಟ ಶಿರಸಿಯ ಬೈಂಡಿಂಗ್ ಅಂಗಡಿ

ಶಿರಸಿಯಲ್ಲಿ ಹಳೆ ಪುಸ್ತಕಕ್ಕೆ ಬೈಂಡಿಂಗ್ ಎಲ್ಲಿ ಮಾಡಿಸೋದು ಅಂತ ಕೇಳುವವರಿಗಾಗಿ ಬರೆಯುತ್ತಿದ್ದೇನೆ. ದೇವಿಕೆರೆ ಹತ್ತಿರ, ಬೋರ್ಡೇ ಇಲ್ಲದ ಸಣ್ಣ ಅಂಗಡಿ. ಬಾಗಿಲಲ್ಲಿ ಲೆಕ್ಕದ ಪುಸ್ತಕಗಳ ರಾಶಿ ಇರುತ್ತದೆ, ಅದೇ ಗುರುತು.

ನಾನು ಒಯ್ದದ್ದು ಅಪ್ಪಯ್ಯನ 'ಡಾಟರ್ ಆಫ್ ಅರ್ತ್'. ಅಮೆರಿಕದ ಅಗ್ನೆಸ್ ಸ್ಮೆಡ್ಲಿ ಬರೆದ ಕಾದಂಬರಿ, ಮೊದಲು ಬಂದದ್ದು 1929ರಲ್ಲಿ. ಅಪ್ಪಯ್ಯ ಧಾರವಾಡದಲ್ಲಿ ಓದುವಾಗ ಕೊಂಡ ಪ್ರತಿ. ನಮ್ಮ ಮಳೆಗಾಲ ಗೊತ್ತಲ್ವಾ? ಬೂಸ್ಟು ಹಿಡಿದು, ಬೆನ್ನು ಬಿಟ್ಟು, ಹಾಳೆಗಳು ಕೈಗೇ ಬರುತ್ತಿದ್ದವು.

ಹೊಸದನ್ನು ತರಿಸಬಹುದಿತ್ತು. ಆದರೆ ಇದರ ಅಂಚಿನ ತುಂಬ ಅಪ್ಪಯ್ಯನ ಪೆನ್ಸಿಲ್ ಬರಹ ಇದೆ. ನಾಯಕಿಯ ಹೆಸರು ಮೇರಿ, ಕತೆ ಬಹುಪಾಲು ಅಗ್ನೆಸ್‌ಳದ್ದೇ. "ಹುಟ್ಟಿದ್ದು 1892, ಮಿಸೌರಿ" ಅಂತ ಅಪ್ಪಯ್ಯನ ಬರಹ ಶುರುವಾಗುತ್ತದೆ. ಕೊಲರಾಡೋದ ಗಣಿ ಊರಲ್ಲಿ ತಾಯಿ ಕಂಡವರ ಬಟ್ಟೆ ಒಗೆದು ಮಕ್ಕಳನ್ನು ಸಾಕುವ ಕಡೆ ಮಾತಿಲ್ಲ, ಸುಮ್ನೆ ಒಂದು ಉದ್ದ ಗೆರೆ. ನಮ್ಮ ದೇಶದ ಹೋರಾಟಗಾರರು ಬರುವಲ್ಲಿ ಬರಹ ಜಾಸ್ತಿ. ಗುರುವಿನಂಥ ಪಾತ್ರದ ಪಕ್ಕ "ಲಾಲಾ ಲಜಪತ ರಾಯ್". ಆನಂದ ಅನ್ನುವ ಪಾತ್ರದ ಪಕ್ಕ "ಚಟ್ಟೋ". ಅಂದರೆ ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯ. ಬರ್ಲಿನ್‌ನಲ್ಲಿ ಅಗ್ನೆಸ್ ಅವರ ಜೊತೆ ಸಂಸಾರ ಮಾಡಿದಳು. ನಮ್ಮ ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಅವರು ಗಂಡನ ಅಣ್ಣ, ಭಾವ ಆಗಬೇಕು! 1918ರಲ್ಲಿ ನಮ್ಮ ಸ್ವಾತಂತ್ರ್ಯಕ್ಕಾಗಿ ದುಡಿದದ್ದಕ್ಕೆ ನ್ಯೂಯಾರ್ಕ್‌ನಲ್ಲಿ ಅಗ್ನೆಸ್‌ಳನ್ನು ಜೈಲಿಗೆ ಹಾಕಿದರು. ಆ ಪುಟದಲ್ಲಿ ಪೆನ್ಸಿಲ್ ಎಷ್ಟು ಒತ್ತಿದೆ ಅಂದರೆ ಹಾಳೆಯ ಹಿಂದೆ ಕೈಗೆ ತಾಗುತ್ತದೆ.

ಈ ಅಂಚಿನ ಬಗ್ಗೆ ನನಗೆ ಭಯವಿತ್ತು. ಮೊದಲೊಮ್ಮೆ ಬೇರೆ ಊರಿನಲ್ಲಿ ಅಪ್ಪಯ್ಯನ ಇನ್ನೊಂದು ಪುಸ್ತಕ ಕೊಟ್ಟಿದ್ದೆ. ಕೇಳದೆಯೇ ಮಿಷನ್ನಿಗಿಟ್ಟು ಮೂರೂ ಬದಿ ಕತ್ತರಿಸಿದರು. ಅರ್ಧರ್ಧ ಅಕ್ಷರ ಉಳಿಯಿತು. ಅವತ್ತು ನನಗೆ ಊಟ ಸೇರಲಿಲ್ಲ.

ಇಲ್ಲಿಯ ಅಣ್ಣ ನಾಲ್ಕು ಹಾಳೆ ತಿರುವಿದವರೇ, "ಅಕ್ಕಾ, ಇದಕ್ಕೆ ಕಟಿಂಗ್ ಬೇಡ, ಬರೆದದ್ದೆಲ್ಲ ಹೋಗ್ತದೆ" ಅಂದರು. ಬೂಸ್ಟನ್ನು ಒಣ ಬ್ರಶ್ಶಿನಲ್ಲಿ ತೆಗೆದಿದ್ದಾರೆ. ಹರಿದ ಕಡೆ ತೆಳು ಕಾಗದ ಅಂಟಿಸಿದ್ದಾರೆ. ಮೈದಾ ಅಂಟಿಗೆ ಚೂರು ಮೈಲುತುತ್ತ ಹಾಕುತ್ತಾರೆ, ಹುಳ ಬರಬಾರದು ಅಂತ. ತೋಟಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಸುವ ನಮಗೆ ಅದರ ಗುಣ ಹೇಳಿಕೊಡಬೇಕಾ?

ತೊಂದರೆಯೂ ಇದೆ. ಬಿಡಿ ಹಾಳೆಗಳಾದ್ದರಿಂದ ಬದಿಗೆ ಹೊಲಿಗೆ ಹಾಕಿದ್ದಾರೆ, ಪುಸ್ತಕ ಪೂರ್ತಿ ಅಗಲ ತೆರೆಯುವುದಿಲ್ಲ. ರೆಕ್ಸಿನ್ ಎರಡೇ ಬಣ್ಣ. ಹೇಳಿದ್ದಕ್ಕಿಂತ ನಾಲ್ಕು ದಿನ ತಡವಾಯಿತು. ತೆಗೆದುಕೊಂಡದ್ದು 350 ರೂಪಾಯಿ. ನನಗೆ ಅದು ಕಡಿಮೆ ಅನ್ನಿಸಿತು.

ಕೊನೆಯ ಖಾಲಿ ಹಾಳೆ ಎರಡು ತುಂಡಾಗಿತ್ತು. ಬೇರೆಯವರಾದರೆ ಬಿಸಾಡುತ್ತಿದ್ದರು. ಇವರು ಜೋಡಿಸಿ ಅದೇ ಜಾಗದಲ್ಲಿ ಹೊಲಿದಿದ್ದಾರೆ. ಅದರಲ್ಲಿ ಅಪ್ಪಯ್ಯ ಬರೆದದ್ದು: "ಚೀನಾಕ್ಕೆ ವೈದ್ಯರನ್ನು ಕಳಿಸಿ ಅಂತ ನೆಹರೂ ಅವರನ್ನು ಕೇಳಿದವರಲ್ಲಿ ಈಕೆಯೂ ಒಬ್ಬಳು. 1938ರಲ್ಲಿ ಕೋಟ್ನಿಸ್ ಹೋದರು. 1950, ಆಕ್ಸ್‌ಫರ್ಡ್‌ನಲ್ಲಿ ಸಾವು. ಚಿತಾಭಸ್ಮ ಬೀಜಿಂಗ್‌ನಲ್ಲಿ." ಒಂದು ಅಕ್ಷರವೂ ಹೋಗಿಲ್ಲ.

ಕೊಡುವುದಾದರೆ ಮೇ ತಿಂಗಳೊಳಗೆ ಕೊಡಿ. ಮಳೆ ಹಿಡಿದ ಮೇಲೆ ಅಂಟು ಒಣಗುವುದಿಲ್ಲ.