ಟ್ರೈಹ್ಯಾಕ್‌ಮಿ: ಹೊಸಬರಿಗೆ ಎಲ್ಲಿಯವರೆಗೆ ಸಾಕು?

2018ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಸೈಬರ್ ಭದ್ರತೆ ಕಲಿಸುವ ಆನ್‌ಲೈನ್ ವೇದಿಕೆ ಟ್ರೈಹ್ಯಾಕ್‌ಮಿಗೆ ನಾನು ಬಹುಕಾಲದಿಂದ ಚಂದಾದಾರ. ಸೈಬರ್ ಭದ್ರತೆಯನ್ನು ಮೊದಲ ಬಾರಿಗೆ ಕಲಿಯುವವರಿಗೆ ಅದು ಮಾಡುವ ದೊಡ್ಡ ಉಪಕಾರವೆಂದರೆ ಸಿದ್ಧತೆಯ ಹೊರೆಯನ್ನು ಇಳಿಸುವುದು. ಸ್ವಂತ ಕಂಪ್ಯೂಟರಿನಲ್ಲಿ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗಿನ ಕಂಪ್ಯೂಟರು) ಸ್ಥಾಪಿಸಿ, ಅದರೊಳಗೆ ಭದ್ರತಾ ಪರೀಕ್ಷೆಗೆಂದೇ ರೂಪಿಸಿದ ಕಾಲಿ ಲಿನಕ್ಸ್ ಹಾಕಿ, ದಾಳಿಗೆ ಗುರಿಯಾಗುವ ಇನ್ನೊಂದು ಯಂತ್ರವನ್ನೂ ಪ್ರತ್ಯೇಕ ಜಾಲದಲ್ಲಿಟ್ಟು ಅಭ್ಯಾಸ ಮಾಡಬೇಕಾದರೆ ಸಾಕಷ್ಟು ಮೆಮೊರಿಯೂ ಬೇಕು, ತಾಳ್ಮೆಯೂ ಬೇಕು. ಇಲ್ಲಿ ಬ್ರೌಸರಿನಲ್ಲಿಯೇ ತೆರೆದುಕೊಳ್ಳುವ ಅಟ್ಯಾಕ್‌ಬಾಕ್ಸ್‌ನಲ್ಲಿ ಎನ್‌ಮ್ಯಾಪ್, ಬರ್ಪ್ ಸೂಟ್, ಮೆಟಾಸ್ಪ್ಲಾಯ್ಟ್ ಮೊದಲಾದ ಭದ್ರತಾ ಪರೀಕ್ಷೆಯ ಉಪಕರಣಗಳು ಸಿದ್ಧವಾಗಿರುತ್ತವೆ. ಗುರಿಯ ಯಂತ್ರವೂ ಒಂದು ಗುಂಡಿ ಒತ್ತಿದರೆ ಚಾಲೂ ಆಗುತ್ತದೆ. ಅನುಮತಿಯಿಲ್ಲದೆ ಅನ್ಯರ ವ್ಯವಸ್ಥೆಯೊಳಗೆ ಕೈಯಾಡಿಸುವುದು ಬಹುತೇಕ ದೇಶಗಳಲ್ಲಿ ಅಪರಾಧವಾಗಿರುವುದರಿಂದ, ಕಾನೂನಿನ ಅಂಜಿಕೆಯಿಲ್ಲದೆ ಪ್ರಯೋಗ ಮಾಡಬಹುದಾದ ಇಂಥ ಜಾಗ ಹೊಸಬರಿಗೆ ಅಗತ್ಯವೇ ಹೌದು.

ಪಾಠಗಳನ್ನು ಇಲ್ಲಿ ರೂಮ್‌ಗಳೆಂದು ಕರೆಯುತ್ತಾರೆ. ಅವುಗಳನ್ನು ಜೋಡಿಸಿದ ಕಲಿಕಾ ಪಥಗಳೂ ಇವೆ. ಜಾಲ, ಲಿನಕ್ಸ್, ವಿಂಡೋಸ್, ವೆಬ್ ಇವುಗಳ ಬುನಾದಿಯನ್ನು ಪ್ರೀ ಸೆಕ್ಯುರಿಟಿ ಎಂಬ ಪಥ ಅಚ್ಚುಕಟ್ಟಾಗಿ ಹಾಕಿಕೊಡುತ್ತದೆ. ತಕರಾರು ಇರುವುದು ಕಲಿತದ್ದನ್ನು ಪರೀಕ್ಷಿಸುವ ರೀತಿಯ ಬಗ್ಗೆ. ಉತ್ತರ ಬರೆಯುವ ಜಾಗದಲ್ಲಿ ಎಷ್ಟು ಅಕ್ಷರಗಳ ಪದ ಬೇಕೆಂಬುದನ್ನು ನಕ್ಷತ್ರದ ಗುರುತುಗಳೇ ತೋರಿಸಿಬಿಡುತ್ತವೆ. ಮೇಲಿನ ಪಠ್ಯದಲ್ಲಿ ಅಷ್ಟೇ ಉದ್ದದ ಪದವನ್ನು ಹುಡುಕಿ ತುಂಬಿದರೆ ವಿಷಯ ತಿಳಿಯದೆಯೂ ಅಂಕ ದೊರೆಯುತ್ತದೆ. ಬ್ಲೂ ಎಂಬ ಜನಪ್ರಿಯ ರೂಮ್‌ನಲ್ಲಿ, 2017ರ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶದ ಹಾವಳಿಗೆ ದಾರಿಯಾದ ಎಮ್‌ಎಸ್17-010 ಎಂಬ ದೋಷವನ್ನೇ ಬಳಸಿ ವಿಂಡೋಸ್ ಯಂತ್ರವೊಂದನ್ನು ವಶಪಡಿಸಿಕೊಳ್ಳಬೇಕು. ಹೇಳಿದ ಕ್ರಮದಲ್ಲಿ ಕಮಾಂಡುಗಳನ್ನು ಕೊಟ್ಟರೆ ಯಂತ್ರ ಕೈವಶವಾಗುತ್ತದೆ, ಆದರೆ ಫೈಲ್ ಹಂಚಿಕೆಯ ಎಸ್‌ಎಮ್‌ಬಿ ಪ್ರೋಟೊಕಾಲನ್ನು ವಿಂಡೋಸ್ ಅಳವಡಿಸಿಕೊಂಡ ರೀತಿಯಲ್ಲಿ ತಪ್ಪಿದ್ದುದು ಎಲ್ಲಿ ಎಂಬುದನ್ನು ಕಲಿಯುವವರು ತಾವಾಗಿ ಕೆದಕಿ ಓದದಿದ್ದರೆ ಅದು ತಿಳಿಯುವುದಿಲ್ಲ. ಪ್ರತಿದಿನ ಒಂದಾದರೂ ಉತ್ತರ ಕೊಟ್ಟರೆ ಬೆಳೆಯುವ ದಿನಗಳ ಸರಣಿ ಮುರಿಯದಿರಲೆಂದು ಸುಲಭದ ಪ್ರಶ್ನೆಯೊಂದನ್ನು ಹುಡುಕಿ ಉತ್ತರಿಸುವ ಚಪಲವೂ ಇದರೊಂದಿಗೆ ಸೇರಿಕೊಳ್ಳುತ್ತದೆ.

ಆದ್ದರಿಂದ ವೇದಿಕೆಯನ್ನು ಆಯ್ದುಕೊಳ್ಳುವಾಗ ಪಾಠಗಳ ಸಂಖ್ಯೆಗಿಂತ, ಉತ್ತರ ಕಣ್ಣಮುಂದೆ ಇಲ್ಲದಿದ್ದಾಗ ಅದು ನಮ್ಮಿಂದ ಏನು ಮಾಡಿಸುತ್ತದೆ ಎಂಬುದನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಈ ಅಳತೆಯಲ್ಲಿ ಓವರ್‌ದವೈರ್ ಎಂಬ ತಾಣದ, ಲಿನಕ್ಸ್ ಕಮಾಂಡುಗಳನ್ನು ಕಲಿಸುವ ಬ್ಯಾಂಡಿಟ್ ಎಂಬ ಆಟ ಮೇಲುಗೈ ಸಾಧಿಸುತ್ತದೆ, ಅದೂ ಉಚಿತವಾಗಿ. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ 2220ನೇ ಪೋರ್ಟಿಗೆ ಸಂಪರ್ಕಿಸಿದರೆ ಆಟ ಶುರು. ಒಂದು ಹಂತದಲ್ಲಿ ಅಡಗಿರುವ ಪಾಸ್‌ವರ್ಡ್ ಮುಂದಿನ ಹಂತದ ಬಾಗಿಲು ತೆರೆಯುತ್ತದೆ. ಆರಂಭದ ಹಂತವೊಂದರಲ್ಲಿ ಪಾಸ್‌ವರ್ಡ್ ಇರುವ ಫೈಲಿನ ಹೆಸರು ಬರಿಯ ಒಂದು ಅಡ್ಡಗೆರೆ. ಫೈಲಿನಲ್ಲಿರುವುದನ್ನು ತೋರಿಸುವ ಕ್ಯಾಟ್ ಕಮಾಂಡಿಗೆ ಎಂದಿನಂತೆ ಆ ಹೆಸರು ಕೊಟ್ಟರೆ ಪರದೆ ಸುಮ್ಮನೆ ಕಾಯುತ್ತಾ ಕೂರುತ್ತದೆ, ಏಕೆಂದರೆ ಆ ಗೆರೆಯನ್ನು ಅದು ಕೀಲಿಮಣೆಯಿಂದ ಬರಲಿರುವ ಮಾಹಿತಿಯ ಗುರುತೆಂದು ಓದುತ್ತದೆ. ಹೆಸರಿಗೆ ಮೊದಲು ಚುಕ್ಕಿ ಮತ್ತು ಓರೆಗೆರೆ ಸೇರಿಸಿ, ಇದು ಈ ಫೋಲ್ಡರಿನಲ್ಲಿರುವ ಫೈಲು ಎಂದು ಸ್ಪಷ್ಟಪಡಿಸಿದಾಗಲೇ ಪಾಸ್‌ವರ್ಡ್ ಕಾಣುವುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಗುರಿಯೇನು, ಯಾವ ಕಮಾಂಡುಗಳು ನೆರವಾಗಬಹುದು ಎಂಬಷ್ಟನ್ನೇ ತಿಳಿಸಿ ಕೈಬಿಡುತ್ತಾರೆ. ಕೈಪಿಡಿಯ ಪುಟಗಳನ್ನು ತೆರೆದು ಓದುವ ಅಭ್ಯಾಸ ನನಗೆ ಹತ್ತಿದ್ದು ಇಲ್ಲಿಯೇ.

ವೆಬ್ ಭದ್ರತೆಯೊಂದನ್ನೇ ಆಳವಾಗಿ ಕಲಿಯಬಯಸುವವರಿಗೆ ಬರ್ಪ್ ಸೂಟ್ ತಯಾರಿಸುವ ಪೋರ್ಟ್‌ಸ್ವಿಗರ್ ಕಂಪನಿಯ ವೆಬ್ ಸೆಕ್ಯುರಿಟಿ ಅಕಾಡೆಮಿ ಇದೆ. ಅದೂ ಉಚಿತ, ವಿವರಣೆಯ ಗುಣಮಟ್ಟದಲ್ಲಿ ಅದಕ್ಕೆ ಸಾಟಿಯಾದುದನ್ನು ನಾನು ಕಂಡಿಲ್ಲ. ಇಂಥದೇ ಇನ್ನೊಂದು ವೇದಿಕೆಯಾದ ಹ್ಯಾಕ್ ದ ಬಾಕ್ಸ್‌ನ ಯಂತ್ರಗಳು ನೇರವಾಗಿ ಹೊಸಬರಿಗಲ್ಲ. ಚಾಲ್ತಿಯಲ್ಲಿರುವ ಯಂತ್ರಗಳ ಪರಿಹಾರ ಪ್ರಕಟಿಸುವುದಕ್ಕೆ ಅಲ್ಲಿ ಅವಕಾಶವಿಲ್ಲದ್ದರಿಂದ, ಸಿಕ್ಕಿಕೊಂಡಾಗ ನೋಡಿ ಕಲಿಯುವುದು ಕಷ್ಟ. ಅವರದೇ ಅಕಾಡೆಮಿಯ ಪಾಠಗಳು ಮಾತ್ರ ದೀರ್ಘವಾದರೂ ಗಟ್ಟಿಯಾಗಿವೆ.

ಇನ್ನು ಹಣದ ಮಾತು. ಟ್ರೈಹ್ಯಾಕ್‌ಮಿಯ ಉಚಿತ ಖಾತೆಯಲ್ಲಿ ಅಟ್ಯಾಕ್‌ಬಾಕ್ಸ್ ಬಳಕೆಗೆ ದಿನದ ಮಿತಿಯಿದೆ, ಕೆಲವು ರೂಮ್‌ಗಳು ಮುಚ್ಚಿರುತ್ತವೆ. ಆದರೆ ಸ್ವಂತ ಕಾಲಿ ಯಂತ್ರವನ್ನು ಓಪನ್‌ವಿಪಿಎನ್ ಎಂಬ ಸುರಕ್ಷಿತ ಸಂಪರ್ಕದ ತಂತ್ರಾಂಶದ ಮೂಲಕ ಜೋಡಿಸಿಕೊಳ್ಳಬಲ್ಲವರಿಗೆ ಆ ಮಿತಿ ಬಾಧಿಸದು. ಅಷ್ಟರ ಮಟ್ಟಿಗೆ ಕಲಿತವರಿಗೆ ಚಂದಾದಿಂದ ಸಿಗುವ ಪ್ರಯೋಜನವೂ ತಗ್ಗುತ್ತದೆ. ಬುನಾದಿಯ ಪಥ ಮುಗಿಯುವವರೆಗೆ ಹಣ ಕೊಟ್ಟು, ಜೊತೆಜೊತೆಗೆ ಬ್ಯಾಂಡಿಟ್ ಆಡಿ, ಆಮೇಲೆ ಚಂದಾ ನಿಲ್ಲಿಸಿದರೂ ನಷ್ಟವಿಲ್ಲ. ನಾನು ಇನ್ನೂ ನಿಲ್ಲಿಸದಿರುವುದು ರಕ್ಷಣೆಯ ಕಡೆಯ ಪಾಠಗಳಿಗಾಗಿ: ಲಾಗ್‌ಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆಗಳನ್ನು) ಹುಡುಕಿ ವಿಶ್ಲೇಷಿಸುವ ಸ್ಪ್ಲಂಕ್ ತಂತ್ರಾಂಶದೊಳಗೆ ಮೊದಲೇ ತುಂಬಿಟ್ಟ ಲಾಗ್‌ಗಳಲ್ಲಿ ದಾಳಿಕೋರನ ಜಾಡು ಹಿಡಿಯುವ ಆ ಅಭ್ಯಾಸವನ್ನು ಸ್ವಂತ ಯಂತ್ರದಲ್ಲಿ ಅಷ್ಟು ಸುಲಭವಾಗಿ ಕಟ್ಟಿಕೊಳ್ಳಲಾಗುವುದಿಲ್ಲ.